ಅಕ್ಕ ಆರಿಸಿದ ಹೆಡ್‌ಫೋನ್

ನಿವೃತ್ತರಾಗುವವರಿಗೆ ಬೆಳ್ಳಿ ದೀಪ ಕೊಡುವುದು ನಮ್ಮ ಕಚೇರಿಯ ರೂಢಿ. ದೀಪದ ಜೊತೆಗೆ ಒಂದು ಶಾಲು, ಹಣ್ಣಿನ ಬುಟ್ಟಿ, ಎಲ್ಲರೂ ಸಹಿ ಹಾಕಿದ ದೊಡ್ಡದೊಂದು ಕಾರ್ಡು. ಅಕ್ಕನ ಸರದಿ ಬಂದಾಗ ನಮ್ಮ ಬಾಸ್ ಅವರನ್ನು ಕ್ಯಾಬಿನ್ನಿಗೆ ಕರೆದು, "ದೀಪ ಒಂದೇ ದೊಡ್ಡದು ಕೊಡೋಣವಾ, ಇಲ್ಲ ಜೋಡಿ ಕೊಡೋಣವಾ?" ಎಂದು ನಯವಾಗಿ ಕೇಳಿದರು.

"ನಮ್ಮನ್ಯಾಗ ಕರೆಂಟ್ ಐತ್ರಿ ಸರ," ಅಂದರು ಅಕ್ಕ. "ದೀಪ ಬ್ಯಾಡ. ನನಗೊಂದು ಚಲೋ ಹೆಡ್‌ಫೋನ್ ಕೊಡಸ್ರಿ. ಆದ್ರ ನಾನ ಕೇಳಿ ಆರಿಸ್ತೀನಿ. ಯಾರೂ ಬಣ್ಣದ ಕಾಗದ ಸುತ್ತಿ ಸರ್ಪ್ರೈಸ್ ಗಿರ್ಪ್ರೈಸ್ ಮಾಡಬ್ಯಾಡ್ರಿ."

ಕ್ಯಾಬಿನ್ನಿನ ಬಾಗಿಲು ಮುಚ್ಚಿತ್ತು. ಆದರೂ ಹೊರಗೆ ಕೂತಿದ್ದ ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು. ಅಕ್ಕ ಗುಟ್ಟು ಹೇಳಿದರೂ ಗೇಟಿನ ಸೆಕ್ಯುರಿಟಿಯವನಿಗೆ ಕೇಳುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಈಗ ಅವರು ಗದಗದಲ್ಲಿ, ತಂಗಿಯ ಮನೆಯಲ್ಲಿದ್ದಾರೆ. ಜೋಗುಪಾಳ್ಯದ ಬಾಡಿಗೆ ಮನೆಯನ್ನು ಒಡೆದು ಕಟ್ಟುತ್ತೇವೆಂದು ಮಾಲೀಕರು ಹೇಳಿದ ಮೇಲೆ ಹೊರಟುಬಿಟ್ಟರು. ಇಂದಿರಾನಗರದ ನೂರಡಿ ರಸ್ತೆಯಿಂದ ಒಳಗಿನ ಅಡ್ಡರಸ್ತೆಯಲ್ಲಿ, ಒಂದು ಹಳೆಯ ಬಂಗಲೆಯಲ್ಲಿ ನಮ್ಮ ಆರ್ಕಿಟೆಕ್ಟ್ ಕಚೇರಿ. ನಾನು ಅಲ್ಲಿ ನಕ್ಷೆ ಬಿಡಿಸುವವಳು, ಅವರು ಲೆಕ್ಕಪತ್ರ ನೋಡುವವರು. ಕೆ.ಆರ್. ಪುರದಿಂದ ಮೆಟ್ರೋದಲ್ಲಿ ಬಂದಿಳಿದು ನಾನು ಕಚೇರಿ ತಲುಪುವ ಹೊತ್ತಿಗೆ ಅವರು ಮನೆಯಿಂದ ನಡೆದೇ ಬಂದು ಕೂತಿರುತ್ತಿದ್ದರು. ಎಲ್ಲರಿಗೂ ಅವರು ಅಕ್ಕ. ಬಾಸ್ ಕೂಡ ಅಕ್ಕಾ ಎಂದೇ ಕರೆಯುತ್ತಿದ್ದರು. ನನ್ನನ್ನು ಅಕ್ಕ ಕರೆಯುತ್ತಿದ್ದುದು 'ತಂಗಿ' ಎಂದು.

ಅವರಿಗೊಂದು ಅಭ್ಯಾಸವಿತ್ತು. ಮಾತಿನ ನಡುವೆ ಥಟ್ಟನೆ ಬೆರಳೆತ್ತಿ, "ತಡಿ, ಕೇಳು," ಎನ್ನುವುದು. ನಾವು ಉಸಿರು ಹಿಡಿದು ಕೇಳುತ್ತಿದ್ದೆವು. ಎಳನೀರಿನವನು ಕಾಯಿ ಕೆತ್ತುವ ಸದ್ದು. ಪಕ್ಕದ ಹೋಟೆಲಿನಲ್ಲಿ ತಟ್ಟೆ ಜೋಡಿಸುವ ಸದ್ದು. ಅಷ್ಟೇ. "ಎಷ್ಟ್ ಚಂದ ಐತಿ!" ಎಂದು ಕಣ್ಣರಳಿಸಿ ಅವರು ಮತ್ತೆ ಜಿಎಸ್‌ಟಿ ಬಿಲ್ಲಿಗೆ ಮರಳುತ್ತಿದ್ದರು. ಕಚೇರಿಗೆ ಹೊಸದಾಗಿ ಸೇರಿದವರು ಮೊದಮೊದಲು ಗಾಬರಿಯಾಗುತ್ತಿದ್ದರು. ಆಮೇಲೆ ಅವರೂ ಕೇಳುತ್ತಿದ್ದರು.

ವಿಡಿಯೋ ಎಡಿಟಿಂಗಿನ ಹುಚ್ಚು ಅವರಿಗೆ ಹತ್ತಿದ್ದು ತಂಗಿಯ ಮಗಳ ಮದುವೆಯಿಂದ. ಫೋಟೋದವರು ಕೊಟ್ಟ ಮದುವೆ ವಿಡಿಯೋದಲ್ಲಿ ಆರಂಭದಿಂದ ಕೊನೆಯವರೆಗೆ ಬರೀ ಸಿನಿಮಾ ಹಾಡು. ಜನ ಬಾಯಿ ತೆರೆಯುತ್ತಾರೆ, ನಗುತ್ತಾರೆ, ಏನೋ ಹೇಳುತ್ತಾರೆ, ಒಂದೂ ಕೇಳುವುದಿಲ್ಲ.

"ಅಷ್ಟ್ ದೊಡ್ಡ ಮದುವ್ಯಾಗ ಯಾರೂ ಮಾತ ಆಡಿಲ್ಲೇನು? ಎಲ್ಲಾರೂ ಮೂಕರೇನು?" ಎಂದು ಅಕ್ಕನಿಗೆ ಸಿಟ್ಟು ಬಂತು. ಫೋಟೋದವರ ಹಿಂದೆ ಬಿದ್ದು ಕತ್ತರಿಸದ ಮೂಲ ವಿಡಿಯೋ ಪೂರ್ತಿ ತರಿಸಿಕೊಂಡರು. ಪುಕ್ಕಟೆ ಸಿಗುವ ಎಡಿಟಿಂಗ್ ಸಾಫ್ಟ್‌ವೇರ್ ಒಂದನ್ನು ಕಂಪ್ಯೂಟರಿಗೆ ಹಾಕಿಕೊಂಡು, ಯೂಟ್ಯೂಬ್ ನೋಡಿ ಕಲಿತು, ತಮ್ಮದೇ ಮದುವೆ ವಿಡಿಯೋ ಮಾಡಿದರು. ಅದರಲ್ಲಿ ಅಯ್ಯನವರು ಮಂತ್ರದ ನಡುವೆ ತೆಂಗಿನಕಾಯಿ ಎಲ್ಲಿ ಎಂದು ರೇಗುತ್ತಿದ್ದರು. ಇಬ್ಬರು ಅತ್ತೆಯರು ಸೀರೆಯ ಅಂಚಿನ ಬಗ್ಗೆ ಜಗಳ ಆಡುತ್ತಿದ್ದರು. ಮದುಮಗಳು ಗಂಡನ ಕಿವಿಯಲ್ಲಿ "ಹಸಿವಾಗೈತ್ರಿ" ಅನ್ನುತ್ತಿದ್ದಳು. ಊಟದ ವೇಳೆಗೆ ಅದನ್ನು ನಮಗೆ ತೋರಿಸಿದಾಗ ಕಚೇರಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಾರ ಮದುವೆಯೋ ಏನೋ, ನಾವೇ ಚಪ್ಪರದಲ್ಲಿ ಕೂತಂತಿತ್ತು.

ಅಲ್ಲಿಂದ ಅವರು ನಿಲ್ಲಲಿಲ್ಲ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮನೆಯಲ್ಲಿ ಒಬ್ಬರೇ. ಬೆಳಿಗ್ಗೆ ಹಿಂದೂಸ್ತಾನಿ ಗಾಯನ ಕೇಳುತ್ತ ಅಡುಗೆ, ಸಂಜೆ ಎಡಿಟಿಂಗು. ಜೋಗುಪಾಳ್ಯದ ಅವರ ಬೀದಿಯ ಹುಡುಗರ ಸಂಘದವರು ರಾಜ್ಯೋತ್ಸವಕ್ಕೆ ಫೋಟೋಗಳ ಸ್ಲೈಡ್ ಶೋ ಮಾಡಿಕೊಡಿ ಎಂದರೆ ಅಕ್ಕ ಬೀದಿಯವರನ್ನೆಲ್ಲ ಮಾತಾಡಿಸಿ ಸಿನಿಮಾವನ್ನೇ ಮಾಡಿದರು. ಬೀದಿಗೆ ಅಡ್ಡಲಾಗಿ ಬಿಳಿ ಬಟ್ಟೆ ಕಟ್ಟಿ, ಎರಡು ಆಳೆತ್ತರದ ಸ್ಪೀಕರ್ ಇಟ್ಟು ಅದನ್ನು ತೋರಿಸಿದ ದಿನ ನಾನೂ ಹೋಗಿದ್ದೆ.

ಅಂದು ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಕ್ಕನ ಮನೆಯ ಕೆಳಗೆ ಇಮ್ತಿಯಾಜ್ ಭಾಯಿಯ ಅಂಗಡಿ. ಸೋಫಾ ರಿಪೇರಿ, ಕುಶನ್ ಹೊಲಿಗೆ. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ತಮಿಳು, ಇಂಗ್ಲಿಷು, ಹಿಂದಿ. ಕನ್ನಡ ಅರ್ಥವಾಗುತ್ತಿತ್ತು, ಆದರೆ ನಾಲ್ಕು ಮಾತು ಒಟ್ಟಿಗೆ ಆಡಲು ಅವರಿಗೆ ಸಂಕೋಚ. ರಾಜ್ಯೋತ್ಸವದ ಸಿನಿಮಾ ಎಂದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಕ್ಯಾಮೆರಾ ಮುಂದೆ ಪೂರ್ತಿ ಕನ್ನಡದಲ್ಲೇ ಮಾತಾಡಿದ್ದರು. "ಸೂಜಿ, ಸುತ್ತಿಗೆ, ಸ್ಪ್ರಿಂಗು. ಇಷ್ಟೇ ಸಾರ್ ಸೋಫಾ ಅಂದ್ರೆ," ಎಂದು ಶುರುವಾಗುತ್ತಿತ್ತು ಅವರ ಮಾತು.

ಆ ಸಂಜೆ ಪರದೆಯ ಮೇಲೆ ಅವರ ಮುಖ ಬಂತು. ಬೀದಿಯವರು ಚಪ್ಪಾಳೆ ಹೊಡೆದರು. ಅವರು ಬಾಯಿ ತೆರೆದದ್ದೇ ತಡ, ಸ್ಪೀಕರಿನಿಂದ ಸೀಟಿ ಹೊಡೆದಂತೆ, ಹಾವು ಬುಸುಗುಟ್ಟಿದಂತೆ ಸದ್ದು. 'ಸ' ಬಂದಾಗಲೆಲ್ಲ ಕಿವಿ ಸೀಳುವ ಬುಸ್ಸು. ಅವರ ಮಾತಿನಲ್ಲಿ ಇದ್ದದ್ದೆಲ್ಲ 'ಸ'ವೇ. ಮಕ್ಕಳು ಕಿವಿ ಮುಚ್ಚಿಕೊಂಡವು, ಆಮೇಲೆ ನಕ್ಕವು, ಆಮೇಲೆ ಅಣಕಿಸಿದವು. ದೊಡ್ಡವರಿಗೂ ನಗು ತಡೆಯಲಾಗಲಿಲ್ಲ. ಇಮ್ತಿಯಾಜ್ ಭಾಯಿಯೂ ನಕ್ಕರು. ಆದರೆ ಸಿನಿಮಾ ಮುಗಿಯುವ ಮೊದಲೇ ಎದ್ದು ಮನೆಗೆ ಹೋದರು.

ಮಾರನೆಯ ದಿನದಿಂದ ಬೀದಿಯ ಮಕ್ಕಳಿಗೆ ಅವರು 'ಸ್ಸ್ಸೋಫಾ ಅಂಕಲ್'.

ಅಕ್ಕ ಒಂದು ಅಗ್ಗದ ಹೆಡ್‌ಫೋನ್ ಹಾಕಿಕೊಂಡು ಆ ಸಿನಿಮಾ ಎಡಿಟ್ ಮಾಡಿದ್ದರು. ಅದರಲ್ಲಿ ಬೇಸ್ ಜಾಸ್ತಿ, ಮಾತು ಮಂಕು. ಮಾತು ಸ್ಪಷ್ಟವಾಗಲಿ ಎಂದು ಅವರು ಟ್ರೆಬಲ್, ಅಂದರೆ ಚೂಪು ಸದ್ದುಗಳ ಮಟ್ಟ, ಏರಿಸಿದರು, ಸಾಲದೆಂದು ಇನ್ನಷ್ಟು ಏರಿಸಿದರು. ಅವರ ಕಿವಿಗೆ ಸರಿಯಾಗಿ ಕೇಳಿದ್ದು ಬೀದಿಯ ಸ್ಪೀಕರಿನಲ್ಲಿ ಹಾವಾಗಿತ್ತು.

"ಈಗೂ ಅಂವ ನನ್ನ ಕಂಡ್ರ ನಗತಾನ, ತಂಗಿ," ಎಂದು ಒಮ್ಮೆ ಹೇಳಿದ್ದರು. "ಆದ್ರ ಮೊದಲಿನಂಗ ನಗೂದಿಲ್ಲ. ಚಾದಂಗಡ್ಯಾಗ ಕೂಡೂದನ್ನ ಬಿಟ್ಟಾನ. ಕನ್ನಡದಾಗ ಮಾತಾಡ್ಸಿದ್ರ ಹಿಂದಿಯೊಳಗ ಉತ್ತರಾ ಕೊಡ್ತಾನ. ಮೂಲ ರೆಕಾರ್ಡಿಂಗ್ ನನ್ನ ಹತ್ರ ಐತಿ. ಈ ಸಲ ಅದನ್ನ ಸರಿ ಮಾಡಿ ತೋರಸಬೇಕು."

ಬೆಳ್ಳಿ ದೀಪ ಬೇಡವಾದದ್ದು ಇದಕ್ಕೆ.

ನನ್ನ ಕಿವಿಯಲ್ಲಿ ಸದಾ ಏನಾದರೊಂದು ಸಿಕ್ಕಿಸಿಕೊಂಡಿರುವುದರಿಂದ ಅವರನ್ನು ಅಂಗಡಿಗೆ ಕರೆದೊಯ್ಯುವ ಕೆಲಸ ನನಗೆ ಬಿತ್ತು. ಎಷ್ಟು ಹುರುಪಿನಿಂದ ಒಪ್ಪಿಕೊಂಡೆ! ಮೊದಲು ನನ್ನದೇ ಹೆಡ್‌ಫೋನ್ ಅವರಿಗೆ ಕೊಟ್ಟು ನೋಡಿದೆ. ವೈರ್ ಇಲ್ಲದ್ದು, ಹೊರಗಿನ ಗದ್ದಲವನ್ನು ಅಳಿಸಿಹಾಕುವಂಥದ್ದು. ನನ್ನ ಮಟ್ಟಿಗೆ ಅದಕ್ಕಿಂತ ಮೇಲಿನದು ಇರಲಿಲ್ಲ. ಸೋಮವಾರ ಹಿಂತಿರುಗಿಸುತ್ತ ಅವರು ಹೇಳಿದರು: "ಹಾಡು ಕೇಳಾಕ ಭಾಳ ಚಲೋ. ಎಡಿಟಿಂಗಿಗೆ ಬ್ಯಾಡ. ವಿಡಿಯೋದಾಗ ಪಾತೇಲಿ ಮುಚ್ಚಳ ನೆಲಕ್ಕ ಬೀಳತೈತಿ, ಆಮ್ಯಾಲೆ ಅದರ ಸಪ್ಪಳ ಬರತೈತಿ. ಯಾವ್ದು ಎಲ್ಲಿ ಕತ್ತರಿಸ್ಬೇಕು ಅಂತನ ತಿಳಿಯೂದಿಲ್ಲ."

ಆಗ ನನಗೆ ಹೊಳೆಯಿತು. ವೈರ್ ಇಲ್ಲದ ಹೆಡ್‌ಫೋನಿಗೆ ಸದ್ದು ತುಸು ತಡವಾಗಿ ತಲುಪುತ್ತದೆ. ಹಾಡು ಕೇಳುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ಎಡಿಟಿಂಗಿಗೆ ವೈರ್ ಇರುವುದೇ ಬೇಕು.

ಮೊದಲು ಕಮರ್ಷಿಯಲ್ ಸ್ಟ್ರೀಟಿನ ಹತ್ತಿರದ ಒಂದು ಅಂಗಡಿಗೆ ಹೋದೆವು. ಸೀರೆ, ಬಳೆ, ಚಪ್ಪಲಿಗಳ ಜನಜಂಗುಳಿಯಲ್ಲಿ ನುಗ್ಗಿ ಹೋಗುವಾಗಲೂ ಅಕ್ಕ ಎರಡು ಸಲ ಬೆರಳೆತ್ತಿ ನಿಂತರು. ಅಂಗಡಿಯವನು ಉತ್ಸಾಹಿ. ದಪ್ಪನೆಯ ಕಪ್ಪು ಹೆಡ್‌ಫೋನ್ ಅವರ ತಲೆಗೆ ಹಾಕಿ, ಮೊಬೈಲಿನಲ್ಲಿ ಧಡಧಡ ಎನ್ನುವ ಒಂದು ಹಾಡು ಹಚ್ಚಿದ.

"ಬೇಸ್ ನೋಡಿ ಮೇಡಂ, ಬೇಸ್! ಸಖತ್ತಾಗಿದೆ!"

ಅಕ್ಕ ತೆಗೆದು ಕೈಯಲ್ಲಿ ಹಿಡಿದು ನೋಡಿದರು. "ಎದಿ ಮ್ಯಾಲ ಗುದ್ದಿದಂಗ ಆಗತೈತಲ್ಲಪಾ. ಇದು ಕಿವಿಗೆ ಹಾಕೂದೋ, ಎದಿಗೆ ಹಾಕೂದೋ?"

"ಎಲ್ಲರೂ ಇದನ್ನೇ ತಗೊಳೋದು ಮೇಡಂ."

"ತಗೊಳ್ಳಲಿ. ಅವರು ಕುಣ್ಯಾಕ ತಗೊಂತಾರ. ನಾ ಕೆಲಸಾ ಮಾಡಾಕ ತಗೊಳ್ಳಾಕತ್ತೀನಿ."

ಅಂದೇ ಅವರಿಗೆ ಇನ್ನೊಂದು ತೊಂದರೆಯೂ ಗೊತ್ತಾಯಿತು. ಹೆಡ್‌ಫೋನಿನ ಮೆತ್ತೆ ಅವರ ಕಲ್ಲಿನ ಓಲೆಗಳನ್ನು ಒತ್ತುತ್ತಿತ್ತು, ಕನ್ನಡಕದ ಕಡ್ಡಿ ಕಿವಿಯ ಮೇಲೆ ಕೊರೆಯುತ್ತಿತ್ತು, ಹಿಂದಿನ ತುರುಬು ಪಟ್ಟಿಗೆ ಅಡ್ಡ ಬರುತ್ತಿತ್ತು. ಆ ಮೇಲೆ ನಾವು ಯಾವ ಅಂಗಡಿಗೆ ಹೋದರೂ ಅವರು ಹೆಡ್‌ಫೋನ್ ಹಾಕಿಕೊಂಡು ತಲೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡಿಸಿ, ಬಗ್ಗಿ ಕಾಲ್ಬೆರಳು ಮುಟ್ಟಿ, ಮತ್ತೆ ಎದ್ದು ನಿಲ್ಲುತ್ತಿದ್ದರು. ಬೇರೆ ಗಿರಾಕಿಗಳು ಯೋಗಾಸನ ಎಂದುಕೊಂಡಿರಬೇಕು.

ಎರಡನೆಯ ಅಂಗಡಿ ಇಂದಿರಾನಗರದಲ್ಲಿ. ಕುರ್ಚಿಯಲ್ಲಿ ಕೂತು ಎಷ್ಟು ಹೊತ್ತು ಬೇಕಾದರೂ ಕೇಳಿ ನೋಡಬಹುದಾದ ಜಾಗ. ಅಲ್ಲಿನ ಹುಡುಗಿ ತಾಳ್ಮೆಯವಳು. ಈ ಸಲ ಅಕ್ಕ ತಯಾರಾಗಿ ಬಂದಿದ್ದರು. ಪರೀಕ್ಷೆಗೆಂದು ತಮ್ಮದೇ ಒಂದು ತುಣುಕು ಮಾಡಿ ತಂದಿದ್ದರು. ಅದರಲ್ಲಿ ತಂಬೂರಿಯ ಶ್ರುತಿ, ಕುಕ್ಕರಿನ ಸೀಟಿ, ಎಳನೀರು ಕೆತ್ತುವ ಸದ್ದು, ಕೊನೆಗೆ ಇಮ್ತಿಯಾಜ್ ಭಾಯಿಯ 'ಸೂಜಿ, ಸುತ್ತಿಗೆ, ಸ್ಪ್ರಿಂಗು', ಟ್ರೆಬಲ್ ಮುಟ್ಟದ ಮೂಲ ದನಿ.

ಮೊದಲನೆಯದು ಕೇಳಿ, "ಎಡಗಡಿ ಮಂದ ಐತಿ," ಎಂದರು. ಹುಡುಗಿ ಬೇರೆಯದು ತಂದಳು. ಅದೂ ಎಡಗಡೆ ಮಂದ. ಮೂರನೆಯದೂ ಹಾಗೇ. "ಏನವ್ವಾ, ನಿಮ್ಮ ಅಂಗಡ್ಯಾಗ ಎಲ್ಲಾವೂ ಎಡಗಡಿ ಕೆಟ್ಟಾವಲ್ಲ!" ಎಂದು ಅಕ್ಕ ನಕ್ಕರು.

ಆ ಹುಡುಗಿ, "ಮ್ಯಾಮ್, ಒಂದ್ಸಲ ಉಲ್ಟಾ ಹಾಕಿ ನೋಡ್ತೀರಾ? ಎಡಗಡೇದು ಬಲಗಿವಿಗೆ?" ಎಂದಳು.

ಅಕ್ಕ ತಿರುಗಿಸಿ ಹಾಕಿಕೊಂಡರು. ತಂಬೂರಿ ಮತ್ತೆ ಶುರುವಾಯಿತು. ನಾನು ಅವರ ಮುಖ ನೋಡುತ್ತಿದ್ದೆ. ನಗು ಮೆಲ್ಲಗೆ ಇಳಿಯಿತು. ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಮೆತ್ತಗೆ ಇಟ್ಟು, "ಈಗೂ ಎಡಗಡಿನ ಮಂದ," ಎಂದರು. ಆಮೇಲೆ ಹುಡುಗಿಯ ಕೈ ತಟ್ಟಿ, "ನಿಮ್ಮ ಸಾಮಾನಿಂದು ಏನೂ ತಪ್ಪಿಲ್ಲವಾ," ಎಂದು ಎದ್ದರು.

ಸಿಎಂಎಚ್ ರಸ್ತೆಯವರೆಗೆ ಅವರು ಮಾತಾಡಲಿಲ್ಲ. ಅಷ್ಟು ದೂರ ಅವರು ಸುಮ್ಮನೆ ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ. ಮೆಟ್ರೋ ನಿಲ್ದಾಣದ ಕೆಳಗೆ ನಿಂತು, "ಯಾವಾಗಿಂದ ಹಿಂಗ ಇರಬೇಕು, ತಂಗಿ?" ಎಂದು ಕೇಳಿದರು.

ಹಲಸೂರಿನ ಕಿವಿ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: ವಯಸ್ಸಿನ ಜೊತೆ ಬರುವ ಮಂದತನ, ಸಣ್ಣ, ಚೂಪಾದ ಸದ್ದುಗಳು ಎರಡೂ ಕಿವಿಗೆ ಕಮ್ಮಿ ಕೇಳುತ್ತವೆ, ಎಡಕ್ಕೆ ಇನ್ನೂ ಕಮ್ಮಿ, ಹೋದದ್ದು ಮರಳಿ ಬರುವುದಿಲ್ಲ, ಬೇಕಾದಾಗ ಯಂತ್ರ ಹಾಕಿಕೊಳ್ಳಬಹುದು, ಹೆಡ್‌ಫೋನ್ ಹಾಕಬಹುದು, ವಾಲ್ಯೂಮ್ ಏರಿಸಬಾರದು. ಈ ವರದಿಯನ್ನು ಅಕ್ಕ ನನಗೆ ಫೋನಿನಲ್ಲಿ ಒಪ್ಪಿಸಿದರು. ಮಾರನೆಯ ದಿನ ಕಚೇರಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಜ್ವರ ಬಂದರೂ ಬರುತ್ತಿದ್ದವರು.

ಶಿವಾಜಿನಗರದ ಬೇಕರಿಯ ಬೆಣ್ಣೆ ಬಿಸ್ಕತ್ತು ಎಂದರೆ ಅವರಿಗೆ ಪ್ರಾಣ. ಒಂದು ಪೊಟ್ಟಣ ಕಟ್ಟಿಸಿಕೊಂಡು ಜೋಗುಪಾಳ್ಯಕ್ಕೆ ಹೋದೆ. ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿತ್ತು. ಅಕ್ಕ ಕಿಟಕಿಯ ಬಳಿ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದರು.

"ಸಂಘದ ಹುಡುಗರಿಗೆ ಹೇಳೇನಿ. ಈ ಸಲ ಬರೀ ಫೋಟೋ ತೋರಿಸ್ರಿ ಅಂತ."

"ಯಾಕಕ್ಕ?"

"ಕಿವಿ ಇಲ್ದಾಕಿ ಸೌಂಡ್ ಮಾಡ್ತಾಳೇನ? ಬರೂ ತಿಂಗಳು ರಿಟೈರ್ ಆಗಾಕತ್ತೀನಿ. ನೀವು ದೀಪಾನ ಕೊಡ್ರಿ. ಹಚ್ಚಿ ಕೂಡ್ತೀನಿ."

ಕೆಳಗೆ ಇಮ್ತಿಯಾಜ್ ಭಾಯಿಯ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಶಾಲೆ ಬಿಟ್ಟ ಮಕ್ಕಳ ಗುಂಪೊಂದು ಅಂಗಡಿ ದಾಟುತ್ತ, ಒಟ್ಟಿಗೆ, ಉದ್ದವಾಗಿ, "ಸ್ಸ್ಸ್ಸ್" ಎಂದು ಓಡಿತು. ಸುತ್ತಿಗೆ ನಿಂತಿತು. ನನ್ನ ಮುಖ ಬದಲಾದದ್ದನ್ನು ಅಕ್ಕ ನೋಡಿದರು.

"ಏನಾತು?"

"ಏನಿಲ್ಲ ಅಕ್ಕ."

"ಸುಳ್ಳ ಹೇಳಬ್ಯಾಡ. ಏನ್ ಕೇಳ್ಸ್ತು ನಿನಗ?"

ಹೇಳಿದೆ. ಅವರು ಸೊಪ್ಪನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟರು.

"ಓಡಿದ್ದು ಕೇಳ್ಸ್ತು. ಸುತಗಿ ನಿಂತಿದ್ದು ಕೇಳ್ಸ್ತು. ಅದು ಕೇಳ್ಸಲಿಲ್ಲ," ಎಂದರು ನಿಧಾನವಾಗಿ. ಇದ್ದಕ್ಕಿದ್ದಂತೆ ಎದ್ದು ನಿಂತರು. "ತಂಗಿ! ಹೋದ ವರ್ಷನೂ ಹಿಂಗ ಆಗೈತಿ! ಹೆಡ್‌ಫೋನ್ ಮಂಕ ಇತ್ತು, ಖರೆ. ಆದ್ರ ನನ್ನ ಕಿವಿಗೂ 'ಸ' ಕೇಳ್ಸಿಲ್ಲ. ಅದಕ್ಕ ಅಷ್ಟು ಟ್ರೆಬಲ್ ಏರಿಸೇನಿ. ಹಾವು ನನ್ನ ಕಿವ್ಯಾಗ ಇತ್ತು!"

ಅಳುತ್ತಾರೇನೋ ಎಂದುಕೊಂಡೆ. ಅವರ ಕಣ್ಣು ಹೊಳೆಯುತ್ತಿತ್ತು.

"ಎಲ್ಲಿ ಐತಿ ಅಂತ ಗೊತ್ತಾತಲ್ಲ! ಇನ್ನ ಹಿಡೀಬಹುದು. ನನಗ ಕೇಳ್ದಿದ್ರ ನೀ ಕೇಳು. 'ಸ' ಬಂದಾಗ ಬುಸ್ ಅಂದ್ರ ಕೈ ಎತ್ತು, ನಾ ಇಳಸ್ತೀನಿ. ಎಡಗಿವಿ ಮಂದ ಇದ್ರ ಒಂದ್ಸಲ ಸುಲ್ಟಾ ಹಾಕ್ತೀನಿ, ಒಂದ್ಸಲ ಉಲ್ಟಾ ಹಾಕ್ತೀನಿ. ಎರಡೂ ಕಡೀದು ಬಲಗಿವೀಲೆ ಕೇಳ್ತೀನಿ. ಆ ಅಂಗಡಿ ಹುಡುಗಿ ಹೇಳಿಕೊಟ್ಟಾಳಲ್ಲ! ನಡಿ, ನಡಿ, ಅಂಗಡಿ ತೆರದಿರತೈತಿ."

ಮೆಂತ್ಯಸೊಪ್ಪು ಅಲ್ಲೇ ಉಳಿಯಿತು. ಬಿಸ್ಕತ್ತನ್ನು ಆಟೋದಲ್ಲಿ ತಿಂದೆವು.

ಅಂಗಡಿಯ ಹುಡುಗಿಗೆ ಅಕ್ಕ ತಮ್ಮ ಕಿವಿಯ ಕಥೆಯನ್ನು ಅಂಗಡಿಗೆಲ್ಲ ಕೇಳುವಂತೆ ಹೇಳಿದರು. ಅವಳು ಕೇಳಿಕೊಂಡು ಎರಡು ಬಗೆ ತಂದಿಟ್ಟಳು. ಒಂದು ಹಿಂಭಾಗ ಪೂರ್ತಿ ಮುಚ್ಚಿದ್ದು. ಹೊರಗಿನ ಸದ್ದು ಒಳಗೆ ಬರುವುದಿಲ್ಲ. ಇನ್ನೊಂದರ ಹಿಂಭಾಗದಲ್ಲಿ ಜಾಲರಿ. ಸದ್ದು ಒಳಕ್ಕೂ ಹೊರಕ್ಕೂ ಓಡಾಡುತ್ತದೆ. ಬೀದಿಯ ಗದ್ದಲದಲ್ಲಿ ಕೆಲಸ ಮಾಡುವವರಿಗೆ ಮುಚ್ಚಿದ್ದೇ ಸರಿ ಎಂದು ನಾನು ವಾದಿಸಿದೆ. ಹುಡುಗಿಯೂ ತಲೆಯಾಡಿಸಿದಳು. ಅಕ್ಕ ಮುಚ್ಚಿದ್ದನ್ನು ಹಾಕಿಕೊಂಡು ಕೇಳಿದರು. ಚೆನ್ನಾಗಿದೆ ಎಂದರು. ಸ್ವಲ್ಪ ಹೊತ್ತಿಗೆ ಕಿವಿ ಬೆವರಿತು, ಓಲೆ ಒತ್ತಿತು.

ಜಾಲರಿಯದು ಹಗುರ. ಮೆತ್ತೆ ವೆಲ್ವೆಟ್ಟಿನದು, ಅಗಲ. ಓಲೆ, ಕನ್ನಡಕ ಎರಡಕ್ಕೂ ಒಳಗೆ ಜಾಗವಿತ್ತು, ತುರುಬೂ ಪಟ್ಟಿಗೆ ಅಡ್ಡ ಬರಲಿಲ್ಲ. ಅಕ್ಕ ಕಾಲ್ಬೆರಳು ಮುಟ್ಟಿ ಎದ್ದು ಕೂತರು. ತಂಬೂರಿ ಬಂದಾಗ ಕಣ್ಣು ಮುಚ್ಚಿದರು. "ನಾಕೂ ತಂತಿ ಬ್ಯಾರೆ ಬ್ಯಾರೆ ಕೇಳ್ತಾವ," ಎಂದು ಪಿಸುಗುಟ್ಟಿದರು, ಅಂದರೆ ಅವರ ಮಟ್ಟಿಗಿನ ಪಿಸುಮಾತು. ಕುಕ್ಕರ್ ಕೂಗಿತು, ಎಳನೀರು ಕೆತ್ತುವ ಸದ್ದು ಬಂತು, ಇಮ್ತಿಯಾಜ್ ಭಾಯಿ ಮಾತಾಡತೊಡಗಿದರು. ಅಕ್ಕ ಥಟ್ಟನೆ ಬೆರಳೆತ್ತಿದರು. ತುಣುಕನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಹೆಡ್‌ಫೋನ್ ತಿರುಗಿಸಿ ಹಾಕಿಕೊಂಡು ಮೂರನೆಯ ಸಲ ಕೇಳಿದರು.

"ತಂಗಿ, ಇಲ್ಲಿ ಇನ್ನೊಬ್ಬರು ಅದಾರ!"

"ಎಲ್ಲಿ?"

"ಅವನ ಹಿಂದ! ಹಾಕ್ಕೋ, ಹಾಕ್ಕೋ!"

ನಾನು ಹಾಕಿಕೊಂಡೆ. ಇಮ್ತಿಯಾಜ್ ಭಾಯಿ, "ನಮ್ಮ ತಂದೆಯವರು ಈ ಬೀದಿಗೆ ಬಂದು..." ಎಂದು ತಡವರಿಸುತ್ತಾರೆ. ಆ ತಡವರಿಕೆಯ ನಡುವೆ, ದೂರದಿಂದ, ಮೆಲ್ಲಗೆ ಒಂದು ಹೆಣ್ಣುದನಿ: "ಅಂಗಡಿ ಇಟ್ಟರು." ಕೂಡಲೇ ಅವರು, "ಅಂಗಡಿ ಇಟ್ಟರು," ಎನ್ನುತ್ತಾರೆ. ಮುಂದೆ ಮತ್ತೊಂದು ಕಡೆ, "ಕಷ್ಟಪಟ್ಟರು." ಅವರೂ, "ಕಷ್ಟಪಟ್ಟರು."

"ಶಾಹಿದಾ!" ಎಂದು ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟರು. ಶಾಹಿದಾ ಎಂದರೆ ಇಮ್ತಿಯಾಜ್ ಭಾಯಿಯ ಹೆಂಡತಿ. ಕ್ಯಾಮೆರಾ ಎಂದರೆ ಓಡಿಹೋಗುವವರು. "ಬಾಗಿಲ ಹಿಂದ ನಿಂತು ಒಂದೊಂದ ಮಾತು ಹೇಳಿಕೊಟ್ಟಾಳ! ಇಷ್ಟು ದಿನ ನನ್ನ ಹತ್ರನ ಇತ್ತು, ನಾ ಕೇಳೇ ಇಲ್ಲ ನೋಡು! ಇದನ್ನ ಕಟ್ಟವಾ, ಇದನ್ನ. ಇನ್ನೇನೂ ನೋಡೂದಿಲ್ಲ."

ಬೀಳ್ಕೊಡುಗೆಯ ದಿನ ಬಾಸ್ ಶಾಲು ಹೊದಿಸಿದರು, ಬುಟ್ಟಿ ಕೊಟ್ಟರು. ಅಕ್ಕ ಹೆಡ್‌ಫೋನನ್ನು ಶಾಲಿನ ಮೇಲೆ ಕತ್ತಿಗೆ ಹಾಕಿಕೊಂಡೇ ಗುಂಪು ಫೋಟೋಕ್ಕೆ ನಿಂತರು. ಹೂಮಾಲೆಗಿಂತ ಅದೇ ಚೆನ್ನಾಗಿ ಕಾಣುತ್ತಿತ್ತು. ಭಾಷಣ ಮಾಡಿ ಎಂದರೆ, "ರಾಜ್ಯೋತ್ಸವಕ್ಕ ನಮ್ಮ ಬೀದಿಗೆ ಬರ್ರಿ," ಎಂದಷ್ಟೇ ಹೇಳಿ ಕೂತರು.

ಅಲ್ಲಿಂದ ಮುಂದೆ ನನ್ನ ಶನಿವಾರಗಳೆಲ್ಲ ಜೋಗುಪಾಳ್ಯದಲ್ಲಿ. ಬೀದಿ ತುಸು ತಣ್ಣಗಾಗುವ ಮಧ್ಯಾಹ್ನದ ಹೊತ್ತಿಗೆ ಅಕ್ಕ ಕೆಲಸಕ್ಕೆ ಕೂರುತ್ತಿದ್ದರು. ಒಮ್ಮೆ ನೇರ, ಒಮ್ಮೆ ತಿರುಗಿಸಿ, ಆಮೇಲೆ ನನ್ನ ತಲೆಗೆ. ನಾನು 'ಸ'ಗಳ ಕಾವಲುಗಾರ್ತಿ. ಕೈ ಎತ್ತಿದರೆ ಅವರು ಟ್ರೆಬಲ್ ಇಳಿಸುತ್ತಿದ್ದರು. ಅತಿಯಾಗಿ ಇಳಿಸಿ ಮಾತು ಮಂಕಾದರೆ ಮತ್ತೆ ಕೈ ಎತ್ತುತ್ತಿದ್ದೆ. "ಹಿಂಗ? ಹಿಂಗ? ಈಗ?" ಎಂದು ಅವರು ಕೇಳುತ್ತಲೇ ಇರುತ್ತಿದ್ದರು. ಕೆಲಸ ಮುಗಿದ ಮೇಲೆ ನನಗೆ ಬಹುಮಾನವಾಗಿ ಒಂದು ಖ್ಯಾಲ್. ಅವರ ಹಳೆಯ ಕುರ್ಚಿಯಲ್ಲಿ ಕೂತು ಆ ಹೆಡ್‌ಫೋನಿನಲ್ಲಿ ಹಾಡು ಕೇಳುವುದೆಂದರೆ ಗಾಯಕಿ ಕೋಣೆಯಲ್ಲೇ, ಎರಡು ಮಾರು ದೂರದಲ್ಲಿ, ನೀರು ಕುಡಿದು ಲೋಟ ಇಟ್ಟು ಶುರುಮಾಡಿದಂತೆ. ಜಾಲರಿಯಿಂದ ಸೋರುವ ಹಾಡನ್ನು ಪಕ್ಕದಲ್ಲಿ ಕೂತು ಅಕ್ಕನೂ ಕೇಳುತ್ತಿದ್ದರು, ಬಲಗಿವಿಯನ್ನು ನನ್ನತ್ತ ವಾಲಿಸಿ.

ಆದರೆ ದೊಡ್ಡ ಕೆಲಸ ಇನ್ನೂ ಬಾಕಿಯಿತ್ತು. ಇಮ್ತಿಯಾಜ್ ಭಾಯಿ ಒಪ್ಪದೆ ಅದನ್ನು ತೋರಿಸುವುದಿಲ್ಲ ಎಂದು ಅಕ್ಕ ಮೊದಲೇ ತೀರ್ಮಾನಿಸಿದ್ದರು. ಕೇಳಿದರೆ ಅವರು ಕೈಮುಗಿದರು. "ನಕ್ಕೋ ಅಕ್ಕಾ, ಬೇಡ. ಹೋದ ವರ್ಷ ಸಾಕಾಯ್ತು."

"ನೀವು ಬರೀ ಕೇಳ್ರಿ. ಕೇಳಿ ಬ್ಯಾಡ ಅಂದ್ರ ನಿಮ್ಮ ಮುಂದನ ಅಳಸ್ತೀನಿ."

ಒಂದು ಶನಿವಾರ ಊಟದ ನಂತರ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ಇಮ್ತಿಯಾಜ್ ಭಾಯಿ ಕುರ್ಚಿಯ ಅಂಚಿನಲ್ಲಿ ಕೂತರು. ಶಾಹಿದಾ ಬಾಗಿಲ ಬಳಿಯೇ ನಿಂತರು. ಅಕ್ಕ ಹೆಡ್‌ಫೋನನ್ನು ಅವರ ಟೋಪಿಯ ಮೇಲಿಂದ ಮೆಲ್ಲಗೆ ಇಳಿಸಿ, ವಿಡಿಯೋ ಹಚ್ಚಿದರು. ಜಾಲರಿಯಿಂದ ಸಣ್ಣಗೆ 'ಸೂಜಿ, ಸುತ್ತಿಗೆ' ಸೋರಿತು. ಇಮ್ತಿಯಾಜ್ ಭಾಯಿ ಅಲುಗಾಡಲಿಲ್ಲ. ಮುಗಿಯಿತು. ಇನ್ನೊಮ್ಮೆ ಎಂದು ಬೆರಳು ತೋರಿಸಿದರು. ಅಕ್ಕ ಮತ್ತೆ ಹಚ್ಚಿದರು.

ಹೆಡ್‌ಫೋನ್ ಹಾಕಿಕೊಂಡವರಿಗೆ ತಾವು ಎಷ್ಟು ಜೋರಾಗಿ ಮಾತಾಡುತ್ತಿದ್ದೇವೆಂದು ತಿಳಿಯುವುದಿಲ್ಲ. ಇಮ್ತಿಯಾಜ್ ಭಾಯಿ ಎದ್ದು ನಿಂತು, ಬೀದಿಯೆಲ್ಲ ಕೇಳುವಂತೆ ಕೂಗಿದರು:

"ಅಕ್ಕಾ! ನಾನು ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀನಾ?"

ಎದುರು ಮನೆಯ ಕಿಟಕಿ ತೆರೆಯಿತು. ಕೆಳಗೆ ಚಾದಂಗಡಿಯವನು, "ಯಾರ್ರೀ ಅದು?" ಎಂದು ತಲೆಯೆತ್ತಿದ. ಅಕ್ಕ ನಗುತ್ತ ಅವರ ಒಂದು ಕಿವಿಯಿಂದ ಮೆತ್ತೆ ಸರಿಸಿ, "ಇನ್ನೊಂದು ಮಾತು ಐತ್ರಿ. ಹಿಂದ ಇವರ ದನಿ ಕೇಳತೈತಿ. ಇಟ್ಟುಕೊಳ್ಳಲೋ, ತಗದ್ ಬಿಡಲೋ?" ಎಂದು ಶಾಹಿದಾರತ್ತ ತೋರಿಸಿದರು.

ಶಾಹಿದಾ ಮುಖ ಮುಚ್ಚಿಕೊಂಡರು. "ತೆಗೀರಿ ಅಕ್ಕಾ! ಜನ ನಗ್ತಾರೆ. ಇವರಿಗೆ ಹೆಂಡ್ತಿ ಹೇಳಿಕೊಟ್ಟಿದ್ದು ಅಂತಾರೆ."

"ಹೇಳಿಕೊಟ್ಟಿದ್ದು ನಿಜ ತಾನೆ?" ಎಂದರು ಇಮ್ತಿಯಾಜ್ ಭಾಯಿ, ಇನ್ನೂ ಕೂಗುತ್ತಲೇ. "ಇವಳು ಚಿಂತಾಮಣಿ ಕಡೆಯೋಳು ಅಕ್ಕಾ. ಕನ್ನಡ ಶಾಲೇಲಿ ಓದಿದೋಳು. ಇರಲಿ ಬಿಡಿ. ನನ್ನ ಟೀಚರ್ ಯಾರು ಅಂತ ಎಲ್ಲರಿಗೂ ಗೊತ್ತಾಗ್ಲಿ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲ್ಸಪ್ಪಳ. ಚಾದಂಗಡಿಯವನು, ಎದುರು ಮನೆಯವರು, ಶಾಲೆಯ ಮಕ್ಕಳು, ಎಲ್ಲರೂ ನಮಗೂ ಕೇಳಿಸಿ ಎಂದು ಬಂದರು. ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೆಡ್‌ಫೋನ್ ಹೋಯಿತು. ಕೇಳಿದವರೆಲ್ಲ ಕೂಗಿಯೇ ಮಾತಾಡಿದರು. ಬಿಳಿ ಬಟ್ಟೆ ಕಟ್ಟುವ ದಿನಕ್ಕೆ ಎಷ್ಟೋ ಮೊದಲೇ ಅರ್ಧ ಬೀದಿ ಆ ಸಿನಿಮಾ ಕೇಳಿ ಮುಗಿಸಿತ್ತು. 'ಸ್ಸ್ಸೋಫಾ' ಎಂದು ಓಡಿದ ಮಕ್ಕಳಲ್ಲೇ ಒಬ್ಬಳು ಹೆಡ್‌ಫೋನ್ ತೆಗೆದು ಇಮ್ತಿಯಾಜ್ ಭಾಯಿಯನ್ನೇ ನೋಡುತ್ತ, "ಅಂಕಲ್, ಸ್ಪ್ರಿಂಗ್ ತೋರಿಸ್ತೀರಾ?" ಎಂದು ಕೇಳಿದಳು. ಅವರು ಅವಳನ್ನು ಕೆಳಗೆ ಕರೆದುಕೊಂಡು ಹೋದರು.

ರಾಜ್ಯೋತ್ಸವದ ಸಂಜೆ ನಮ್ಮ ಕಚೇರಿಯವರೆಲ್ಲ ಬಂದಿದ್ದರು, ಬಾಸ್ ಸಮೇತ. ಬೀದಿ ತುಂಬ ಹಳದಿ ಕೆಂಪು ಕಾಗದದ ತೋರಣ. ಇಮ್ತಿಯಾಜ್ ಭಾಯಿಯ ಮುಖ ಪರದೆಯ ಮೇಲೆ ಬಂದಾಗ ಅಕ್ಕ ನನ್ನ ಕೈ ಹಿಡಿದುಕೊಂಡರು. ಅದೇ ಆಳೆತ್ತರದ ಸ್ಪೀಕರುಗಳು. ಸೂಜಿ ಬಂತು, ಸುತ್ತಿಗೆ ಬಂತು, ಸ್ಪ್ರಿಂಗು ಬಂತು, ಬುಸ್ಸೆನ್ನುವುದು ಬರಲಿಲ್ಲ. ಮನೆಯಂಗಳದಲ್ಲಿ ಕೂತು ಮಾತಾಡಿದಂತೆ ಅವರ ದನಿ. "ಅಂಗಡಿ ಇಟ್ಟರು," ಎಂದು ಹಿಂದಿನಿಂದ ಮೆಲುದನಿ ಬಂದಾಗ ಜನ ನಕ್ಕರು. ಪ್ರೀತಿಯ ನಗು ಅದು, ಎಲ್ಲರೂ ಹಿಂತಿರುಗಿ ಶಾಹಿದಾ ಎಲ್ಲಿ ಎಂದು ಹುಡುಕಿದರು. "ಹೆಂಗೈತಿ? 'ಸ' ಹೆಂಗೈತಿ?" ಎಂದು ಅಕ್ಕ ನನ್ನನ್ನು ಅಲುಗಿಸುತ್ತಲೇ ಇದ್ದರು. ಚಪ್ಪಾಳೆಯಲ್ಲಿ ನನ್ನ ಉತ್ತರ ಅವರಿಗೆ ಕೇಳಿಸಿರಲಾರದು.

ಸಿನಿಮಾ ಮುಗಿದ ಮೇಲೆ ಸಂಘದ ಹುಡುಗರು ಇಮ್ತಿಯಾಜ್ ಭಾಯಿಯ ಕೈಗೆ ಮೈಕ್ ಕೊಟ್ಟು ಎರಡು ಮಾತಾಡಿ ಎಂದರು. ಅವರು ಎದ್ದು, ಗಂಟಲು ಸರಿಮಾಡಿಕೊಂಡು, ಮೈಕನ್ನು ಹೆಂಡತಿಯ ಕೈಗಿತ್ತರು. ಶಾಹಿದಾ ಬೇಡ ಬೇಡ ಎಂದು ಹಿಂದೆ ಸರಿದರು. ಎದುರು ಮನೆಯ ಹೆಂಗಸರು ಅವರನ್ನು ಮುಂದಕ್ಕೆ ದೂಡಿದರು. ಮೈಕ್ ಹಿಡಿದು ಜನರತ್ತ ತಿರುಗಿದರು.

"ಮದುವೆಯಾಗಿ ಈ ಬೀದಿಗೆ ಬಂದಾಗ ಇವರಿಗೆ ನಾನು ಕಲಿಸಿದ ಮೊದಲನೇ ಕನ್ನಡ ಮಾತು ಯಾವುದು ಗೊತ್ತಾ?" ಎಂದರು ಶಾಹಿದಾ.

"ನಕ್ಕೋ, ನಕ್ಕೋ!" ಎಂದು ಇಮ್ತಿಯಾಜ್ ಭಾಯಿ ಮೈಕ್ ಕಸಿಯಲು ಹಾರಿದರು. ಇಡೀ ಬೀದಿ ಹೋ ಎಂದು ಎದ್ದು ನಿಂತಿತು. ಅಕ್ಕ ಯಾವ ಮಾಯದಲ್ಲೋ ಸ್ಪೀಕರಿನ ಪಕ್ಕಕ್ಕೆ ಹೋಗಿದ್ದರು. ಒಂದು ಕೈಯಲ್ಲಿ ರೆಕಾರ್ಡರ್, ತಲೆಯ ಮೇಲೆ ಹೆಡ್‌ಫೋನ್, ಇನ್ನೊಂದು ಕೈ ಅಂಗೈ ಮುಂದೆ ಮಾಡಿ ಅವರನ್ನು ತಡೆಯುತ್ತಿತ್ತು.

"ಮೈಕ್ ಮುಟ್ಟಬ್ಯಾಡ್ರಿ!" ಎಂದು ಕೂಗಿದರು. "ರೆಕಾರ್ಡ್ ಆಗಾಕತ್ತೈತಿ!"

ಶಾಹಿದಾ ನಕ್ಕು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮೈಕನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡು, ಮೊದಲಿನಿಂದ ಶುರುಮಾಡಿದರು.